ಬನವಾಸಿಗೆ ಬಂದವರಿಗೆ ದೇವಸ್ಥಾನದಾಚೆಯ ಊರನ್ನೂ ತೋರಿಸಬೇಕು

ಮಾನ್ಯ ಸಂಪಾದಕರಿಗೆ,

ಶಿರಸಿ ಸೀಮೆಯ ಮನೆಗಳಿಗೆ ದೂರದ ನೆಂಟರು ಬಂದರೆ ಮಾರಿಕಾಂಬಾ ದೇವಸ್ಥಾನ, ಸೋಂದಾ, ಸಹಸ್ರಲಿಂಗಗಳ ಜೊತೆಗೆ ಬನವಾಸಿಯನ್ನೂ ತೋರಿಸಿಕೊಂಡು ಬರುವುದು ಬಹುಕಾಲದ ವಾಡಿಕೆ. ಬನವಾಸಿಯ ಆಸುಪಾಸಿನಲ್ಲೇ ಅಡಿಕೆ ತೋಟ ನೋಡಿಕೊಂಡಿರುವ ನನಗೆ ಈ ಕೆಲಸ ಆಗಾಗ ಒದಗಿ ಬರುತ್ತದೆ. ಹಾಗೆ ಹೋದಾಗಲೆಲ್ಲ ಕಣ್ಣಿಗೆ ಬೀಳುವ ಒಂದು ಕೊರತೆಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಇದನ್ನು ಬರೆಯುತ್ತಿದ್ದೇನೆ. ಟೆಂಪೊಗಳಲ್ಲಿ, ಕಾರುಗಳಲ್ಲಿ ಬರುವ ಪ್ರವಾಸಿಗರು ಮಧುಕೇಶ್ವರನ ದರ್ಶನ ಮಾಡಿ, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು, ಅರ್ಧ ಗಂಟೆ ಕಳೆಯುವುದರೊಳಗೆ ಜೋಗದ ದಾರಿಯನ್ನೋ ಗೋಕರ್ಣದ ದಾರಿಯನ್ನೋ ಹಿಡಿಯುತ್ತಾರೆ. ಕನ್ನಡ ನಾಡಿನ ಮೊದಲ ರಾಜಧಾನಿಯನ್ನು ನೋಡಿ ಬಂದೆವೆಂದು ಅವರು ಮನೆಯಲ್ಲಿ ಹೇಳಿಕೊಳ್ಳಬಹುದು. ಆದರೆ ಅವರು ನೋಡಿರುವುದು ಒಂದು ದೇವಸ್ಥಾನವನ್ನು ಮಾತ್ರ. ರಾಜಧಾನಿ ಅವರ ಕಣ್ಣಿಗೆ ಬಿದ್ದೇ ಇಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರನ್ನು ಇನ್ನೊಂದು ಗಂಟೆ ನಿಲ್ಲಿಸಿಕೊಳ್ಳುವಷ್ಟು ವಿವರವನ್ನು ನಾವು ಅಲ್ಲಿ ಇಟ್ಟಿಲ್ಲ.

ದೇವಸ್ಥಾನದ ಆವರಣದಲ್ಲೇ ಇರುವ ನಾಗಶಿಲೆಯ ವಿಚಾರವನ್ನು ನೋಡಿ. ನಮ್ಮ ಕಡೆ ಊರೂರಿಗೆ ನಾಗಬನಗಳಿರುವುದರಿಂದ ಬಂದವರಿಗೆ ಅದು ಮತ್ತೊಂದು ನಾಗರಕಲ್ಲಿನಂತೆ ಕಂಡರೆ ಆಶ್ಚರ್ಯವಿಲ್ಲ. ಕೈಮುಗಿದು ಮುಂದೆ ನಡೆಯುತ್ತಾರೆ. ಆದರೆ ಹತ್ತಿರ ನಿಂತು ನೋಡಿದರೆ, ಐದು ಹೆಡೆಗಳನ್ನು ಬಿಚ್ಚಿದ ಸರ್ಪದ ಮೈಯ ಸುರುಳಿಗಳನ್ನು ಕಡೆದ ಕೈಯ ನಾಜೂಕು ಮೊದಲು ಕಾಣುತ್ತದೆ, ಆಮೇಲೆ ಕಲ್ಲಿನ ಅಂಚಿನುದ್ದಕ್ಕೂ ಸಾಗಿರುವ ಬ್ರಾಹ್ಮೀ ಅಕ್ಷರಗಳು ಕಾಣುತ್ತವೆ. ಭಾಷೆ ಪ್ರಾಕೃತ. ಹಾರೀತಿಪುತ್ರ ವಿಷ್ಣುಕಡ ಚುಟುಕುಲಾನಂದ ಶಾತಕರ್ಣಿಯೆಂಬ ಅರಸನ ಆಳ್ವಿಕೆಯ 12ನೆಯ ವರ್ಷದ ಹೇಮಂತ ಋತುವಿನ 7ನೆಯ ಪಕ್ಷದ ಮೊದಲ ದಿನದಂದು, ಮಹಾರಾಜನ ಮಗಳಾದ ಶಿವಸ್ಕಂದನಾಗಶ್ರೀ ತನ್ನ ಮಗನೊಡನೆ ಕೂಡಿ ಒಂದು ನಾಗನನ್ನು, ಒಂದು ಕೆರೆಯನ್ನು, ಒಂದು ವಿಹಾರವನ್ನು, ಎಂದರೆ ಭಿಕ್ಷುಗಳ ವಾಸದ ಮನೆಯನ್ನು, ದಾನವಾಗಿ ಕೊಟ್ಟಳೆಂಬುದು ಅದರ ಒಕ್ಕಣೆ. ಕೆಲಸದ ಮೇಲ್ವಿಚಾರಣೆ ಮಾಡಿದವನು ಅಮಾತ್ಯ ಸ್ಕಂದಸ್ವಾತಿ. ನಾಗನನ್ನು ಕಡೆದವನು ಜಯಂತೀಪುರದ, ಎಂದರೆ ಈ ಬನವಾಸಿಯದೇ, ಆಚಾರ್ಯನೊಬ್ಬನ ಶಿಷ್ಯನಾದ ನಾಟಕನೆಂಬ ಶಿಲ್ಪಿ. ಕದಂಬರು ಸಿಂಹಾಸನ ಏರುವುದಕ್ಕೂ ಹಿಂದಿನ ಮಾತಿದು. ಲಿಪಿಯನ್ನು ನೋಡಿ ವಿದ್ವಾಂಸರು ಇದನ್ನು ಕ್ರಿ.ಶ. 2–3ನೆಯ ಶತಮಾನಕ್ಕೆ ಸೇರಿಸುತ್ತಾರೆ.

ಇಷ್ಟು ವಿಷಯ ತಿಳಿದವನಿಗೆ ಆ ಕಲ್ಲಿನ ಮುಂದಿನಿಂದ ಸುಮ್ಮನೆ ಸರಿದು ಹೋಗುವುದು ಸಾಧ್ಯವೇ? ಮೂರು ದಾನಗಳಲ್ಲಿ ನಾಗ ನಮ್ಮೆದುರಿಗೇ ಇದ್ದಾನೆ, ಹಾಗಾದರೆ ಕೆರೆ ಎಲ್ಲಿ, ವಿಹಾರ ಎಲ್ಲಿ ಎಂದು ಕೇಳದವರು ಯಾರು? ಕಳೆದ ಬಾರಿ ನನ್ನ ತಂಗಿಯ ಮಗಳು, ಹೈಸ್ಕೂಲಿನಲ್ಲಿ ಓದುವ ಹುಡುಗಿ, ಈ ಒಕ್ಕಣೆಯನ್ನು ನಾನು ಹೇಳುತ್ತಿದ್ದಂತೆಯೇ, ‘ಮಾವ, ಮಾಡಿಸಿದವಳ ಹೆಸರೂ ಉಂಟು, ಮಾಡಿದವನ ಹೆಸರೂ ಉಂಟು, ಇದನ್ನು ನಮ್ಮ ಪಾಠದಲ್ಲಿ ಯಾಕೆ ಹೇಳಲಿಲ್ಲ’ ಎಂದು ಕೇಳಿದಳು. ನಮ್ಮ ಎಷ್ಟೋ ದೊಡ್ಡ ದೇವಾಲಯಗಳನ್ನು ಕಡೆದವರ ಹೆಸರು ನಮಗೆ ತಿಳಿಯದಿರುವಾಗ, ಈ ಒಂದು ಕಲ್ಲಿನ ಮೇಲೆ ರಾಜಕುಮಾರಿ, ಮಂತ್ರಿ, ಗುರು, ಶಿಷ್ಯ ಹೀಗೆ ಎಲ್ಲರೂ ಹೆಸರು ಹೊತ್ತು ನಿಂತಿರುವುದು ಸಾಮಾನ್ಯ ಸಂಗತಿಯಲ್ಲ. ಆ ಒಕ್ಕಣೆಯ ಪೂರ್ತಿ ಕನ್ನಡ ಅನುವಾದವನ್ನು, ಬ್ರಾಹ್ಮೀ ಅಕ್ಷರಗಳ ಕೆಳಗೆ ಕನ್ನಡ ಅಕ್ಷರಗಳನ್ನು ಹೊಂದಿಸಿ ಬರೆದ ಒಂದು ಪಟವನ್ನು, ಕಲ್ಲಿನ ಪಕ್ಕದಲ್ಲಿ ಎದೆಯೆತ್ತರಕ್ಕೆ ನಿಲ್ಲಿಸಲು ಏನು ಖರ್ಚಾದೀತು? ಮಕ್ಕಳು ತಮ್ಮ ಹೆಸರಿನ ಅಕ್ಷರಗಳನ್ನು ಅದರಲ್ಲಿ ಹುಡುಕತೊಡಗಿದರೆ ಅರ್ಧ ಗಂಟೆ ಅಲ್ಲಿಯೇ ಕಳೆದುಹೋಗುತ್ತದೆ. ನಾಗನೆಂಬ ಭಕ್ತಿಯಿಂದ ಹಾಲೆರೆಯುವ, ಅರಿಸಿನ ಹಚ್ಚುವ ಮನಸ್ಸಿನವರಿಗೂ, ಅಂಚಿನಲ್ಲಿರುವುದು ಅಕ್ಷರ, ಅದು ಸವೆದರೆ ಮತ್ತೆ ಬರುವುದಿಲ್ಲ ಎಂದು ತಿಳಿಸಿ ಹೇಳಲು ಅದೇ ಫಲಕ ಸಾಕು. ಗದರಿಸುವ ಕಾವಲುಗಾರ ಬೇಕಿಲ್ಲ.

ದೇವಸ್ಥಾನದ ಒಳಗೂ ಇದೇ ಕಥೆ. ಬಂದವರಿಗೆ ಸಿಗುವ ವಿವರಣೆಯೆಲ್ಲ ‘ಇದು ಮಯೂರವರ್ಮನ ಕಾಲದ್ದು’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ನಿಜವಾಗಿ ಮಧುಕೇಶ್ವರ ದೇವಸ್ಥಾನ ಒಂದೇ ಕಾಲದ ಕಟ್ಟಡವಲ್ಲ. ಅಲಂಕಾರ ಕಡಿಮೆಯಿರುವ ಗರ್ಭಗುಡಿಯ ಭಾಗ, ಅದರ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಏರುವ ಶಿಖರ ಒಂದು ಬಗೆ. ತಿರುಗಣಿಗೆ ಹಾಕಿ ಕಡೆದಂತೆ ನುಣುಪಾದ ಕಂಬಗಳ ಸಭಾಮಂಟಪ ಚಾಲುಕ್ಯರ ಕಾಲದ ಕೈಕೆಲಸವನ್ನು ನೆನಪಿಸುವ ಇನ್ನೊಂದು ಬಗೆ. ತ್ರಿಲೋಕ ಮಂಟಪ, ಸುತ್ತಣ ಅಷ್ಟದಿಕ್ಪಾಲಕರ ವಿಗ್ರಹಗಳು, ಸೋದೆಯ (ಸೋಂದಾದ) ಅರಸರು ಒಪ್ಪಿಸಿದ ಕಲ್ಲಿನ ಮಂಚ, ಇವೆಲ್ಲ ಒಂದೊಂದು ಕಾಲದಲ್ಲಿ ಒಂದೊಂದು ಕೈಯಿಂದ ಬಂದು ಸೇರಿದವು. ಒಂದು ವಂಶ ಅಳಿದ ಮೇಲೂ ಇನ್ನೊಂದು ವಂಶದವರು ಅದೇ ದೇವರ ಮುಂದೆ ತಮ್ಮದನ್ನೂ ಸೇರಿಸುತ್ತ ಹೋದರೆಂಬುದೇ ಈ ಗುಡಿಯ ದೊಡ್ಡತನ. ಎಲ್ಲವನ್ನೂ ಮಯೂರನ ತಲೆಗೆ ಕಟ್ಟಿದರೆ ಅವನ ಗೌರವವೇನೂ ಹೆಚ್ಚುವುದಿಲ್ಲ, ಉಳಿದವರಿಗೆ ಮಾತ್ರ ಅನ್ಯಾಯವಾಗುತ್ತದೆ.

ಜನ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ನಂದಿಯ ಮುಂದೆ. ಅದರ ಒಂದು ಕಣ್ಣು ಮಧುಕೇಶ್ವರನನ್ನೂ ಮತ್ತೊಂದು ಪಕ್ಕದ ಗುಡಿಯ ಪಾರ್ವತಿಯನ್ನೂ ನೋಡುತ್ತದೆಂಬ ಮಾತನ್ನು ಪರೀಕ್ಷಿಸಲು ಎಲ್ಲರೂ ಬಗ್ಗಿ ನೋಡುತ್ತಾರೆ. ಇನ್ನು ಕಂಬಗಳ ನುಣುಪಿನಲ್ಲಿ ತಮ್ಮ ಪ್ರತಿಬಿಂಬ ಒಂದು ಕಡೆ ನೆಟ್ಟಗೆ, ಒಂದು ಕಡೆ ತಲೆಕೆಳಗಾಗಿ ಕಾಣುವುದನ್ನು ನೋಡಿ ನಗುತ್ತಾರೆ. ಇದರಲ್ಲಿ ನನಗೆ ಬೇಸರವಿಲ್ಲ. ಕಲ್ಲಿನ ಹತ್ತಿರಕ್ಕೆ ಜನರನ್ನು ಎಳೆಯುವ ಯಾವ ನೆಪವೂ ಒಳ್ಳೆಯದೇ. ಹಾಗೆ ಹತ್ತಿರ ಬಂದವರಿಗೆ, ಕಲ್ಲು ಇಷ್ಟು ನುಣುಪಾದದ್ದು ಹೇಗೆ, ಉಬ್ಬಿದ ಮೈ ಮತ್ತು ತಗ್ಗಿದ ಮೈ ಬಿಂಬವನ್ನು ಬದಲಿಸುವುದು ಏಕೆ ಎಂದು ಹೇಳುವವರು ಒಬ್ಬರು ಇದ್ದರೆ ಆ ನಗೆಯ ಮುಂದುವರಿಕೆಯಾಗಿಯೇ ತಿಳಿವಳಿಕೆಯೂ ಬರುತ್ತಿತ್ತು.

ಇನ್ನು ನದಿಯ ವಿಚಾರ. ಬನವಾಸಿಯನ್ನು ಮೂರು ಕಡೆಯಿಂದ ಬಳಸಿ ಹರಿಯುವ ವರದೆಯ ದಡಕ್ಕೆ ಹೋಗದೆ ಈ ಊರು ಇಲ್ಲಿಯೇ ಏಕೆ ಬೆಳೆಯಿತೆಂಬುದು ಅರ್ಥವಾಗದು. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವ ಈ ನದಿ, ಘಟ್ಟದ ಕಾಡನ್ನೂ ಬಯಲುಸೀಮೆಯ ಹೊಲಗಳನ್ನೂ ಜೋಡಿಸುತ್ತದೆ. ಕರಾವಳಿಯ ಬಂದರುಗಳಿಂದ ಘಟ್ಟ ಹತ್ತಿ ಬಂದ ಸರಕು ಬಯಲಿಗೆ ಇಳಿಯುವ ದಾರಿಯ ಬಾಗಿಲಿನಲ್ಲಿ, ನೀರೂ ಗದ್ದೆಯೂ ಕಾಡೂ ಒಟ್ಟಿಗೆ ಸಿಗುವ ಈ ಜಾಗದಲ್ಲಿ ಊರು ಕಟ್ಟಿದವರು ದಡ್ಡರಲ್ಲ. 2ನೆಯ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ಇಲ್ಲಿಯ ಹೆಸರನ್ನು ಬರೆದಿಟ್ಟಿದ್ದಾನೆ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಬೌದ್ಧ ಭಿಕ್ಷುವನ್ನು ವನವಾಸಿಗೆ ಕಳುಹಿಸಿದರೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಶಾತವಾಹನ ದೊರೆ ಪುಳುಮಾವಿಯೊಬ್ಬನ ರಾಣಿಯ ನೆನಪಿನ ಕಲ್ಲೂ ಇದೇ ಊರಿನಲ್ಲಿ ಸಿಕ್ಕಿದೆ.

ಎಲ್ಲಕ್ಕಿಂತ ಸೊಗಸಾದ ಸಾಕ್ಷ್ಯ ಐಹೊಳೆಯ ಮೇಗುಟಿ ಬಸದಿಯಲ್ಲಿದೆ. ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಬರೆದ ಆ ಶಾಸನದಲ್ಲಿ, ಇಮ್ಮಡಿ ಪುಲಕೇಶಿ ಬನವಾಸಿಗೆ ಮುತ್ತಿಗೆ ಹಾಕಿದ ಪ್ರಸಂಗ ಬರುತ್ತದೆ. ವರದೆಯ ಎತ್ತರದ ಅಲೆಗಳ ಮೇಲೆ ಆಡುವ ಹಂಸಗಳ ಸಾಲನ್ನು ಈ ನಗರ ಒಡ್ಯಾಣವಾಗಿ ತೊಟ್ಟಿತ್ತೆಂದೂ, ಪುಲಕೇಶಿಯ ಸೇನಾಸಮುದ್ರ ಸುತ್ತಲೂ ಕವಿದಾಗ ನೆಲದ ಮೇಲಿನ ಈ ಕೋಟೆ ಜಲದುರ್ಗದಂತೆ ತೋರಿತೆಂದೂ ಕವಿ ಹೇಳುತ್ತಾನೆ. ಗೆದ್ದವನ ಕಡೆಯ ಕವಿ ಸೋತವರ ಊರನ್ನು ಇಷ್ಟು ಮುದದಿಂದ ಬಣ್ಣಿಸಿರುವುದು ಅಪರೂಪವೆಂದು ನನಗೆ ಅನ್ನಿಸುತ್ತದೆ. ಆಷಾಢ ಶ್ರಾವಣದ ಮಳೆಗೆ ವರದೆ ಉಕ್ಕಿ ಸುತ್ತಲಿನ ಗದ್ದೆಗಳ ಮೇಲೆ ನಿಂತಾಗ ರವಿಕೀರ್ತಿಯ ಜಲದುರ್ಗ ಬರಿಯ ಕವಿಸಮಯವಲ್ಲವೆಂದು ಈ ಭಾಗದ ರೈತರಿಗೆ, ನಷ್ಟ ಅನುಭವಿಸುವವರು ಅವರೇ ಆದ್ದರಿಂದ, ಚೆನ್ನಾಗಿ ಗೊತ್ತು.

ಹೀಗಿದ್ದರೂ ದೇವಸ್ಥಾನದ ಬಾಗಿಲಿನಲ್ಲಿ ನಿಂತ ಹೊರಗಿನವನಿಗೆ ನದಿ ಯಾವ ದಿಕ್ಕಿಗಿದೆ, ಹಳೆಯ ಕೋಟೆಯ ಗೋಡೆ ಎಲ್ಲಿ ಉಳಿದಿದೆ, ಕಂದಕದ ಗುರುತು ಎಲ್ಲಿ ಸಿಗುತ್ತದೆ ಎಂದು ತಿಳಿಯುವುದಿಲ್ಲ. ರಥಬೀದಿಯಿಂದ ಹೊರಟು ಕೋಟೆಯ ಕುರುಹುಗಳನ್ನು ಹಾದು ಹೊಳೆಯ ದಡಕ್ಕೆ ಹೋಗಿ, ಬೇರೊಂದು ದಾರಿಯಿಂದ ಮರಳಿ ಬರುವ ಒಂದು ಕಾಲುದಾರಿಯನ್ನು ಗುರುತಿಸಿ, ಅಲ್ಲಲ್ಲಿ ಬಾಣದ ಗುರುತಿನ ಚಿಕ್ಕ ಕಲ್ಲುಗಳನ್ನು ನೆಡುವುದು ಪಂಚಾಯ್ತಿಯ ಮಟ್ಟದಲ್ಲೇ ಆಗಬಹುದಾದ ಕೆಲಸ. ಸಿಮೆಂಟಿನ ಕಟ್ಟೆ, ಬಣ್ಣದ ದೀಪ, ಕಾರಂಜಿ ಯಾವುದೂ ಬೇಡ. ಐಹೊಳೆಯ ಶಾಸನದ ಆ ಭಾಗವನ್ನು ಕನ್ನಡದಲ್ಲಿ ಬರೆಸಿ ಹೊಳೆಯ ದಡದಲ್ಲಿ, ನೆರೆಯ ನೀರು ಮುಟ್ಟದ ಎತ್ತರದಲ್ಲಿ ನಿಲ್ಲಿಸಿದರೆ ಸಾಕು. 1970ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಇಲ್ಲಿ ಅಗೆತ ನಡೆಸಿ ಇಟ್ಟಿಗೆ ಕಟ್ಟಡಗಳ ಅವಶೇಷಗಳನ್ನು ಹೊರತೆಗೆದರು. ಅವು ಊರಿನ ಯಾವ ಭಾಗದಲ್ಲಿ ಸಿಕ್ಕವೆಂದು ತೋರಿಸುವ ಒಂದು ನಕ್ಷೆ ಆ ದಾರಿಯ ಆರಂಭದಲ್ಲಿರಬೇಕು.

ಬನವಾಸಿಯಿಂದ 5 ಕಿಲೋಮೀಟರಿನಷ್ಟು ದೂರದ ಗುಡ್ನಾಪುರದ ಸ್ಥಿತಿ ಇನ್ನೂ ಕಡೆ. ವಿದ್ವಾಂಸರಾದ ಡಾ. ಬಿ.ಆರ್. ಗೋಪಾಲ್ ಅವರು ಬೆಳಕಿಗೆ ತಂದ ಅಲ್ಲಿನ ಕಂಬದ ಶಾಸನ ಕದಂಬ ರವಿವರ್ಮನದು. ಕದಂಬರ ವಂಶಾವಳಿಯನ್ನು ಹೇಳುವುದರ ಜೊತೆಗೆ ಅದು ಮನ್ಮಥನ ಆಲಯವೊಂದನ್ನು, ಅರಮನೆಯನ್ನು, ನೃತ್ಯಶಾಲೆಗಳನ್ನು, ವಸಂತೋತ್ಸವವನ್ನು ಪ್ರಸ್ತಾಪಿಸುತ್ತದೆ. ಕೆರೆಯ ದಂಡೆಯ ಈ ಊರಿಗೆ ಬರುವ ಹೆಚ್ಚಿನವರು ನೀರಿನ ಚಂದ ನೋಡಿ ಹೋಗುತ್ತಾರೆಯೇ ಹೊರತು, ವಸಂತಕಾಲದಲ್ಲಿ ಇಲ್ಲಿ ಕುಣಿತ ನಡೆಯುತ್ತಿತ್ತೆಂಬುದನ್ನು ಕೇಳಿರುವುದಿಲ್ಲ. ಬನವಾಸಿಯಲ್ಲಿ ನಡೆಯುವ ಕದಂಬೋತ್ಸವದ ವೇದಿಕೆಗೆ ಇದಕ್ಕಿಂತ ಒಳ್ಳೆಯ ಹಿನ್ನೆಲೆ ಎಲ್ಲಿ ಸಿಕ್ಕೀತು?

ತಾಳಗುಂದದ ವಿಚಾರ ಜಿಲ್ಲೆಯ ಗಡಿ ದಾಟುತ್ತದೆ. ಮಯೂರಶರ್ಮನು, ಎಂದರೆ ಆ ಮಯೂರವರ್ಮನೇ, ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದಿಂದ. ಶಾಂತಿವರ್ಮನ ಕಾಲದ ಆ ಕಾವ್ಯವನ್ನು ಬರೆದ ಕವಿ ಕುಬ್ಜ, ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ತಾಳಗುಂದ, ಬಳ್ಳಿಗಾವಿಗಳು ಶಿವಮೊಗ್ಗ ಜಿಲ್ಲೆಗೆ ಸೇರಿರುವುದರಿಂದ ನಮ್ಮ ಕಡೆಯ ಪ್ರವಾಸಿ ಕರಪತ್ರಗಳು ಅವುಗಳನ್ನು ಮುಟ್ಟುವುದಿಲ್ಲ, ಅವರ ಕಡೆಯವು ಬನವಾಸಿಯನ್ನು ಮುಟ್ಟುವುದಿಲ್ಲ. ಮಯೂರನ ಹೆಸರನ್ನು ಸಿನಿಮಾದಿಂದ ಬಲ್ಲವರು ಬನವಾಸಿಗೆ ಬಂದು, ಅವನ ಕಥೆ ಕೆತ್ತಿರುವ ಕಂಬವನ್ನು ನೋಡದೆ ಹಿಂದಿರುಗುವುದಕ್ಕೆ ಇದೂ ಒಂದು ಕಾರಣ. ಎರಡು ಜಿಲ್ಲೆಗಳ ಅಧಿಕಾರಿಗಳು ಒಮ್ಮೆ ಕುಳಿತು ಮಾತನಾಡಿದರೆ ಮುಗಿಯುವ ಸಂಗತಿ.

ಈಗ ಊರಿನವರ ಮಾತಿಗೆ ಬರುತ್ತೇನೆ. ಸ್ಮಾರಕ, ಪರಂಪರೆ ಎಂಬ ಮಾತು ಕೇಳಿದೊಡನೆ ಬನವಾಸಿಯ ಕೆಲವರಿಗೆ ಸಂತೋಷಕ್ಕಿಂತ ಹೆದರಿಕೆಯೇ ಆಗುತ್ತದೆ, ಅದಕ್ಕೆ ಕಾರಣವೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ದೇವಸ್ಥಾನದ ಸುತ್ತಲೇ ತಲೆತಲಾಂತರದಿಂದ ಬಾಳಿಕೊಂಡು ಬಂದವರು ಸೋರುವ ಮಾಡು ಸರಿಪಡಿಸಲು, ಗೋಡೆ ದುರಸ್ತಿ ಮಾಡಲು ಅನುಮತಿಗಾಗಿ ಅರ್ಜಿ ಹಿಡಿದು ಅಲೆಯಬೇಕಾಗುತ್ತದೆ. ನಿಯಮವೇ ಬೇಡವೆಂದು ನಾನು ಹೇಳುವುದಿಲ್ಲ. ನಿಯಮ ಇಲ್ಲದ ಊರುಗಳಲ್ಲಿ ಗುಡಿಯ ಗೋಡೆಗೆ ತಾಗಿ ಅಂಗಡಿ ಎದ್ದಿರುವುದನ್ನು ನೋಡಿದ್ದೇವೆ. ಆದರೆ ಸ್ಮಾರಕದ ಭಾರವನ್ನು ಹೊರುವವರು ಊರಿನವರು, ಅದರಿಂದ ಬರುವ ವ್ಯಾಪಾರ ಶಿರಸಿ, ಸಾಗರದ ಲಾಡ್ಜು ಹೋಟೆಲುಗಳದ್ದು ಎಂಬಂತಾದರೆ ಊರಿನವರ ಪ್ರೀತಿ ಉಳಿಯುವುದು ಹೇಗೆ? ಪ್ರವಾಸಿ ಅರ್ಧ ದಿನ ಉಳಿದರೆ ಊಟಕ್ಕೆ ಒಂದು ಖಾನಾವಳಿ ಬೇಕಾಗುತ್ತದೆ, ಒಂದು ರಾತ್ರಿ ಉಳಿದರೆ ಮನೆಗಳ ಕೋಣೆ ಬೇಕಾಗುತ್ತದೆ, ಹೆಸರಾದ ಬನವಾಸಿ ಅನಾನಸನ್ನು ಹಳ್ಳಿಯವರೇ ಕತ್ತರಿಸಿ ಮಾರಬಹುದು. ಅನುಮತಿಯ ಅರ್ಜಿಗಳನ್ನು ತಿಂಗಳಿಗೊಮ್ಮೆ ಬನವಾಸಿಯಲ್ಲಿಯೇ ಕುಳಿತು ವಿಚಾರಿಸುವ ವ್ಯವಸ್ಥೆಯೂ ಆಗಬೇಕು.

ಇದೆಲ್ಲಕ್ಕೂ ಮೊದಲು ಬೇಕಾಗಿರುವುದು ಓದಿ ಹೇಳಬಲ್ಲ ಜನ. ಬನವಾಸಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಶಾಸನತಜ್ಞರಿಂದ ಅವರಿಗೆ ತರಬೇತಿ ಕೊಡಿಸಿ, ಗುರುತಿನ ಚೀಟಿ ಕೊಟ್ಟು, ಶುಲ್ಕವನ್ನು ಫಲಕದಲ್ಲಿ ಬರೆದು ಹಾಕಬೇಕು. ತರಬೇತಿಯಲ್ಲಿ ಒಂದು ವಿಷಯಕ್ಕೆ ಒತ್ತು ಕೊಡಬೇಕೆಂದು ನನ್ನ ಒತ್ತಾಯ: ಶಾಸನ ಹೇಳಿದ್ದು ಯಾವುದು, ಊರಿನ ಹಿರಿಯರು ಹೇಳುವ ಕಥೆ ಯಾವುದು ಎಂದು ಬೇರೆ ಬೇರೆ ಮಾಡಿ ಹೇಳುವುದನ್ನು ಅವರು ಕಲಿಯಬೇಕು. ಎರಡಕ್ಕೂ ಬೆಲೆಯಿದೆ, ಎರಡನ್ನೂ ಕಲಸಿ ಹೇಳಿದರೆ ಮಾತ್ರ ಕೇಳುವವನಿಗೆ ಮೋಸವಾಗುತ್ತದೆ. ಮೊಬೈಲಿನಲ್ಲಿ ಕೇಳುವ ಕ್ಯೂಆರ್ ಕೋಡಿನ ಏರ್ಪಾಡಿನ ಬಗ್ಗೆಯೂ ಕೆಲವರು ಹೇಳುತ್ತಾರೆ. ಇರಲಿ, ಆದರೆ ನೆಟ್‌ವರ್ಕ್ ಸಿಗದ ದಿನ ಅದರಿಂದ ಪ್ರಯೋಜನವಿಲ್ಲ, ಮರುಪ್ರಶ್ನೆ ಕೇಳುವ ಮಗುವಿಗೆ ಅದು ಉತ್ತರ ಕೊಡುವುದೂ ಇಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಕದಂಬೋತ್ಸವಕ್ಕೆ ಪೆಂಡಾಲು, ಧ್ವನಿವರ್ಧಕ, ದೀಪಾಲಂಕಾರ, ಹೊರಗಿನಿಂದ ಬರುವ ತಂಡಗಳ ಸಂಭಾವನೆ ಎಂದು ಖರ್ಚಾಗುವುದರಲ್ಲಿ ಒಂದು ಚಿಕ್ಕ ಪಾಲನ್ನು ಪ್ರತಿ ವರ್ಷ ಈ ಕೆಲಸಕ್ಕೆ ತೆಗೆದಿಟ್ಟರೆ ಫಲಕಗಳೂ ತರಬೇತಿಯೂ ನಡೆದು ಹೋಗುತ್ತವೆ. ಉತ್ಸವ ಬೇಡವೆಂದು ಇದರ ಅರ್ಥವಲ್ಲ. ಪಂಪ ಪ್ರಶಸ್ತಿ ಪ್ರದಾನವಾಗುವ ಆ ವೇದಿಕೆಯ ಬಗ್ಗೆ ಈ ಭಾಗದವರಿಗೆಲ್ಲ ಅಭಿಮಾನವಿದೆ, ಬನವಾಸಿಯನ್ನು ನೆನೆದ ಪಂಪನ ಸಾಲು ಪ್ರತಿ ಭಾಷಣದಲ್ಲೂ ಬರುವುದರಿಂದ ನಾನು ಅದನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಉತ್ಸವದ ದಿನಗಳಲ್ಲಿ ಜಗಮಗಿಸುವ ಊರು ಉಳಿದ ದಿನಗಳಲ್ಲಿ ಬಂದವನಿಗೆ ಬಾಯಿ ಬಿಡದಂತೆ ಇರಬಾರದೆಂಬುದಷ್ಟೇ ನನ್ನ ಆಕ್ಷೇಪ.

ಮುಂದಿನ ಕದಂಬೋತ್ಸವದ ಪೂರ್ವಭಾವಿ ಸಭೆಯಲ್ಲಿ ಕನಿಷ್ಠ ಎರಡು ವಿಷಯಗಳನ್ನು ನಿರ್ಣಯಕ್ಕೆ ತರಬೇಕೆಂದು ಜನಪ್ರತಿನಿಧಿಗಳಲ್ಲಿಯೂ ಅಧಿಕಾರಿಗಳಲ್ಲಿಯೂ ವಿನಂತಿಸುತ್ತೇನೆ. ನಾಗಶಿಲೆಯ ಪಕ್ಕದ ಫಲಕ ಮಳೆಗಾಲಕ್ಕೆ ಮೊದಲೇ ಆಗಬೇಕು. ಹಾಗೆಯೇ ಭಾನುವಾರ ಮತ್ತು ರಜಾದಿನಗಳಲ್ಲಿ ಶಿರಸಿಯಿಂದ ಹೊರಟು ಗುಡ್ನಾಪುರ ಮತ್ತು ಬನವಾಸಿಗಳಲ್ಲಿ ಸಾಕಷ್ಟು ಹೊತ್ತು ನಿಂತು, ಸಂಜೆ ಶಿರಸಿಗೆ ಮರಳುವ ಒಂದು ಬಸ್ಸಿನ ವ್ಯವಸ್ಥೆಯಾಗಬೇಕು. ಸ್ವಂತ ವಾಹನವಿಲ್ಲದ ಶಾಲೆಯ ಮಕ್ಕಳು ಮತ್ತು ಹಿರಿಯರು ಈಗ ಗುಡ್ನಾಪುರವನ್ನು ನೋಡುವುದೇ ಕಷ್ಟವಾಗಿದೆ.

ಇತಿ,
ತಮ್ಮ ಪತ್ರಿಕೆಯ ಓದುಗ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ